ಖದಾನಿನ ಯಲ್ಲವ್ವ

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ರಿಕ್ಷಾದವರು ಬರಲು ಒಪ್ಪದ ಏರನ್ನು ಕೊನೆಯವರೆಗೂ ಹತ್ತಿದರೆ ಖದಾನ್ ಚಾಳ್ ಸಿಗುತ್ತಿತ್ತು. ಒಂದು ಕಾಲಕ್ಕೆ ಅಲ್ಲಿ ಕಲ್ಲಿನ ಗಣಿ ಇತ್ತು. ಗಣಿ ಮುಚ್ಚಿ ಮೂವತ್ತು ವರ್ಷ ದಾಟಿದರೂ ಖದಾನ್ ಎಂಬ ಹೆಸರು ಹೋಗಿರಲಿಲ್ಲ. ಕಡಿದು ಬಿಟ್ಟ ಗುಡ್ಡದ ಗೋಡೆಗೆ ಬೆನ್ನು ಕೊಟ್ಟು ನೂರಿಪ್ಪತ್ತು ಮನೆಗಳು ನಿಂತಿದ್ದವು. ಯಾದಗಿರಿ, ಸುರಪುರ, ಶಹಾಪುರದ ಕಡೆಯಿಂದ ಕಲ್ಲು ಒಡೆಯಲು ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದರು. ಈಗ ಅವರಲ್ಲಿ ಸುತ್ತಿಗೆ ಹಿಡಿಯುವವರು ಯಾರೂ ಇಲ್ಲ. ಗಂಡಸರು ಬೆಳಿಗ್ಗೆ ನಾಕಾದಲ್ಲಿ, ಕೂಲಿಗೆ ಆಳು ಸಿಗುವ ಚೌಕದಲ್ಲಿ, ನಿಂತು ಕಟ್ಟಡದ ಕೆಲಸ ಹಿಡಿಯುತ್ತಿದ್ದರು, ಹೆಂಗಸರು ಮುಲುಂಡಿನ ಬಿಲ್ಡಿಂಗುಗಳಲ್ಲಿ ಮನೆಗೆಲಸ ಮಾಡುತ್ತಿದ್ದರು, ಹುಡುಗರು ಬೈಕಿನ ಮೇಲೆ ಊಟದ ಪೊಟ್ಟಣ ಮುಟ್ಟಿಸುತ್ತಿದ್ದರು. ಎಲ್ಲ ಮನೆಗಳಿಗಿಂತ ಮೇಲೆ, ಗುಡ್ಡದ ಗೋಡೆಗೆ ತೀರ ಸಮೀಪದಲ್ಲಿ, ಒಂದು ಅತ್ತಿಮರ. ಅದರ ಬುಡದಲ್ಲಿ ಯಲ್ಲವ್ವನ ಗುಡಿ.

ಗುಡಿ ಎಂದರೆ ದೊಡ್ಡದೇನಲ್ಲ. ಹತ್ತು ಜನ ಒತ್ತಿಕೊಂಡು ಕೂರಬಹುದಾದಷ್ಟು ಜಾಗ, ಬಿಳಿ ಟೈಲ್ಸು, ತಗಡಿನ ಮೇಲೆ ಕಟ್ಟಿದ ಪುಟ್ಟ ಶಿಖರ. ಒಳಗೆ ಮೊಣಕಾಲೆತ್ತರದ ಕರಿಕಲ್ಲು, ಕವಡೆಯ ಎರಡು ಕಣ್ಣು, ಬೆಳ್ಳಿಯ ಮೂಗುಬಟ್ಟು. ದೇವಿ ನೆಲ ಒಡೆದು ತಾನೇ ಎದ್ದವಳು ಎಂದು ಚಾಳಿನ ಮಗುವಿಗೂ ಗೊತ್ತಿತ್ತು. ಮಂಗಳವಾರ, ಶುಕ್ರವಾರ ಥಾಣೆ, ಕಲ್ವಾದಿಂದಲೂ ಜನ ಬರುತ್ತಿದ್ದರು.

ಚಂದ್ರವ್ವ ಆ ಗುಡಿಯ ಅಂಗಳವನ್ನು ದಿನಾ ಬೆಳಿಗ್ಗೆ ಗುಡಿಸುತ್ತಿದ್ದಳು. ಅವಳಿಗೆ ಅರವತ್ತೈದೋ ಅರವತ್ತೇಳೋ. ಆಧಾರ್ ಕಾರ್ಡಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಗಂಡ ಮರೆಪ್ಪ ಕಲ್ಲಿನ ಧೂಳು ಕುಡಿದೂ ಕುಡಿದೂ ಪುಪ್ಪುಸ ಕೆಟ್ಟು, ತೊಂಬತ್ತಾರರಲ್ಲಿ ತೀರಿಕೊಂಡ. ಮಗಳು ನೀಲವ್ವ ಕಲ್ವಾದಲ್ಲಿ ಸಂಸಾರ ಮಾಡಿಕೊಂಡಿದ್ದಳು. ಚಂದ್ರವ್ವ ಒಬ್ಬಳೇ ಇದ್ದು, ಎರಡು ಮನೆಗೆ ರೊಟ್ಟಿ ತಟ್ಟಿಕೊಟ್ಟು ಬದುಕುತ್ತಿದ್ದಳು. ಅವಳ ಒಂದು ನಡೆ ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ. ಅಷ್ಟು ವರ್ಷದಿಂದ ಅಂಗಳ ಗುಡಿಸಿದರೂ ಅವಳು ಹೊಸ್ತಿಲು ದಾಟಿ ಒಳಗೆ ಹೋದವಳಲ್ಲ. ಹೊರಗೇ ನಿಂತು ಕೈಮುಗಿದು, ಪೊರಕೆ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಭಕ್ತಿ ಹೆಚ್ಚಾದವರು ಹಾಗೇ ಎಂದು ಜನ ಅಂದುಕೊಂಡಿದ್ದರು.

ಎರಡು ಸಾವಿರದ ಇಪ್ಪತ್ತಮೂರರ ಮಳೆಗಾಲದಲ್ಲಿ ಗುಡ್ಡ ಜಾರಿತು. ಜುಲೈ ತಿಂಗಳು, ಮೂರು ದಿನ ಬಿಡದೆ ಸುರಿದ ಮೇಲೆ ನಾಲ್ಕನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನ ಸಾಲಿನ ಹಿಂದೆ ಏನೋ ಮುರಿದಂಥ ಸದ್ದು. ಎಲ್ಲರೂ ಕೆಲಸಕ್ಕೆ ಹೋಗಿದ್ದ ಹೊತ್ತಾದ್ದರಿಂದ ಯಾರೂ ಸಾಯಲಿಲ್ಲ. ಮೂರು ಮನೆ ಹೋದವು. ಒಂದು ಹೊಲಿಗೆ ಮಷೀನು, ಒಂದು ಟಿವಿ, ಮಗಳ ಮದುವೆಗೆಂದು ಕೂಡಿಟ್ಟ ಹಿತ್ತಾಳೆ ಪಾತ್ರೆಗಳು ಮಣ್ಣಿನಡಿ ಸೇರಿದವು. ಗುಡಿಯ ಹಿಂದಿನ ತಡೆಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತು.

ಹದಿನೈದು ದಿನದ ಮೇಲೆ, ಮನೆ ಖಾಲಿ ಮಾಡಬೇಕೆಂದು ನೋಟಿಸು ಬಂತು. ನೋಟಿಸು ಹಿಡಿದು ಬಂದವಳು ಶುಭಾಂಗಿ, ಸರಕಾರದ ಕಡೆಯಿಂದ ಜನರೊಡನೆ ಮಾತಾಡಲು ನೇಮಿಸಿದ ಮೂವತ್ತರ ಮರಾಠಿ ಹೆಣ್ಣು. ಗುಡ್ಡದ ಕೆಳಗೆ, ಕಾಂಜೂರ್ ಕಡೆ, ಏಳು ಮಾಳಿಗೆಯ ಬಿಲ್ಡಿಂಗಿನಲ್ಲಿ ಎಲ್ಲರಿಗೂ ರೂಮು ತೆಗೆದಿಟ್ಟಿದ್ದಾರೆ, ಗುಡಿಗೂ ಕೆಳಗೊಂದು ಕೋಣೆ ಕೊಡುತ್ತಾರೆ ಎಂದು ಅವಳು ಅತ್ತಿಮರದಡಿ ನಿಂತು ಹೇಳಿದಳು. ಜನ ಗುಡಿ ಕಮಿಟಿಯ ಅಧ್ಯಕ್ಷ ಬಸವಂತಪ್ಪನ ಮುಖ ನೋಡಿದರು.

ಬಸವಂತಪ್ಪನಿಗೆ ಎಪ್ಪತ್ತನಾಲ್ಕು. ನೆಟ್ಟಗಿನ ಮೈ, ಹಣೆ ತುಂಬ ಭಂಡಾರದ ಅರಿಷಿಣ. ಗುಡಿಗೆ ತಗಡು ಹಾಕಿಸಿದವನು, ಟೈಲ್ಸು ಹಾಕಿಸಿದವನು, ಅಕ್ಕಪಕ್ಕದ ಜಗಳ ಬಿಡಿಸುವವನು ಎಲ್ಲ ಅವನೇ. ಅವನು ಎದ್ದು ನಿಂತ.

"ಮೇಡಂ, ನಮ್ಮವ್ವ ಯಾರೂ ತಂದು ಇಟ್ಟಾಕಿ ಅಲ್ಲ. ನೆಲಾ ಒಡದು ಎದ್ದಾಕಿ. ಆಕಿ ಬೇರು ಪಾತಾಳಕ್ಕ ಹೋಗ್ಯಾವ. ಆಕಿನ್ನ ಕೀಳಾಕ ಬರಂಗಿಲ್ಲ. ಆಕಿನ್ನ ಬಿಟ್ಟು ನಾವು ಇಳಿಯಂಗಿಲ್ಲ."

ಅವನ ಮಗ ಮನೀಶ್ ಅದನ್ನು ಮರಾಠಿಯಲ್ಲಿ ಹೇಳಿದ. ಮನೀಶ್ ಶಾಲೆಯ ವ್ಯಾನು ಓಡಿಸುತ್ತಿದ್ದ. ಅವನಿಗೆ ಎರಡು ಪುಟ್ಟ ಮಕ್ಕಳು, ಮನೆ ಗುಡಿಯ ಪಕ್ಕದಲ್ಲೇ. ಹೇಳುವಾಗ ಅವನ ದನಿ ತಗ್ಗಿತ್ತು. ಹೇಳಿ ಮುಗಿಸಿ ಅಪ್ಪನ ಕಡೆ ತಿರುಗಿ, "ಪಪ್ಪಾ, ಬಚ್ಚೋಂಕಾ ಸೋಚೋ ನಾ," ಎಂದ. ಬಸವಂತಪ್ಪ, "ಮಕ್ಕಳನ್ನ ಕಾಯಾಕಿನೇ ಆಕಿ," ಎಂದು ಕೂತುಬಿಟ್ಟ. ನೂರಿಪ್ಪತ್ತು ಮನೆಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮನೆಯವರು ಅವನ ಹಿಂದೆ ನಿಂತರು. ಶುಭಾಂಗಿ ಬಿರುಕಿನ ಕಡೆ ಕೈ ತೋರಿಸಿ, ಹತ್ತು ದಿನ ಬಿಟ್ಟು ಮತ್ತೆ ಬರುತ್ತೇನೆ, ಅಷ್ಟರೊಳಗೆ ದೊಡ್ಡ ಮಳೆ ಬಾರದಿರಲಿ ಎಂದು ನೀವೇ ನಿಮ್ಮ ದೇವಿಯನ್ನು ಕೇಳಿಕೊಳ್ಳಿ ಎಂದು ಹೇಳಿ ಇಳಿದು ಹೋದಳು.

ಚಂದ್ರವ್ವ ಗುಂಪಿನ ಅಂಚಿನಲ್ಲಿ ಕೂತಿದ್ದಳು. ಮನೆಗೆ ಹೋಗಿ ರೊಟ್ಟಿಯ ಹಿಟ್ಟು ನಾದಲು ಕೂತರೆ ನೀರು ಎಷ್ಟು ಹಾಕಿದೆ ಎಂಬುದೇ ನೆನಪಾಗಲಿಲ್ಲ. ಆ ಕಲ್ಲಿಗೆ ಬೇರಿಲ್ಲ ಎಂದು ಈ ಭೂಮಿಯ ಮೇಲೆ ಗೊತ್ತಿದ್ದವರು ಇಬ್ಬರೇ. ಒಬ್ಬಳು ಅವಳು.

*

ಅದು ಎಪ್ಪತ್ತೇಳನೆಯ ಇಸವಿ. ಚಂದ್ರವ್ವ ಮರೆಪ್ಪನ ಹಿಂದೆ ಮುಂಬಯಿಗೆ ಬಂದು ಎರಡು ವರ್ಷ ಆಗಿತ್ತು, ನೀಲವ್ವ ಏಳು ತಿಂಗಳ ಕೂಸು. ಗಂಡಸರು ಬಂಡೆಗೆ ತೂತು ಕೊರೆದು ಸಿಡಿಮದ್ದು ತುಂಬುತ್ತಿದ್ದರು. ಸಿಡಿದು ಬಿದ್ದ ಕಲ್ಲನ್ನು ಹೆಂಗಸರು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದರು. ಕೂಸುಗಳನ್ನು ಎಲ್ಲಿ ಮಲಗಿಸಬೇಕು? ಗಣಿಯಲ್ಲಿ ನೆರಳೆಂದರೆ ಆ ಒಂದು ಅತ್ತಿಮರ. ಅದರಡಿ ಲಾರಿಗಳು ಹಿಂದೆ ಸರಿದು ತಿರುಗುತ್ತಿದ್ದವು. ಹೆಂಗಸರು ಮರದ ಕೊಂಬೆಗೆ ಸೀರೆ ಕಟ್ಟಿ ಜೋಳಿಗೆ ಮಾಡಿದರೆ ಗಣಿಯ ಮೇಸ್ತ್ರಿ ಮುಕಾದಮ ಬಂದು ಕಿತ್ತು ಎಸೆಯುತ್ತಿದ್ದ. "ಇವತ್ತು ಬಟ್ಟೆ ಕಟ್ತೀರಿ, ನಾಳೆ ಗುಡಿಸಲು ಹಾಕ್ತೀರಿ," ಎನ್ನುವುದು ಅವನ ಲೆಕ್ಕಾಚಾರ. ಹಾಗಾಗಿ ಕೂಸುಗಳು ಕಲ್ಲಿನ ರಾಶಿಯ ಮಗ್ಗುಲಲ್ಲಿ, ನಿಂತ ಲಾರಿಯ ನೆರಳಲ್ಲಿ, ಗೋಣಿಚೀಲದ ಮೇಲೆ ಮಲಗುತ್ತಿದ್ದವು.

ಚಂದ್ರವ್ವನ ಪಕ್ಕ ಕೂತು ಒಡೆಯುತ್ತಿದ್ದವಳು ಗುಲಶನ. ಅವಳ ಗಂಡ ಗುಡುಸಾಬನೂ ಶಹಾಪುರದ ಕಡೆಯವನೇ, ಗಣಿಯಲ್ಲಿ ಉಳಿ ಸಾಣೆ ಹಿಡಿಯುತ್ತಿದ್ದ. ಅವಳ ಮಗ ಯೂನುಸನೂ ನೀಲವ್ವನ ವಾರಿಗೆಯವನು. ಒಂದು ಮಧ್ಯಾಹ್ನ ಎರಡು ಕೂಸುಗಳನ್ನೂ ಒಂದೇ ಗೋಣಿಯ ಮೇಲೆ ಮಲಗಿಸಿದ್ದರು. ಯೂನುಸ ಅತ್ತನೆಂದು ಗುಲಶನ ಎದ್ದು ಹೋಗಿ ಅವನನ್ನು ಎತ್ತಿಕೊಂಡಳು. ನೀಲವ್ವ ಒದ್ದೆ ಮಾಡಿಕೊಂಡಿದ್ದಾಳೆಂದು ಅವಳನ್ನೂ ಇನ್ನೊಂದು ಕಂಕುಳಿಗೆ ಎತ್ತಿಕೊಂಡಳು. ನಾಲ್ಕು ಹೆಜ್ಜೆ ಬಂದಿರಬೇಕು, ಲಾರಿ ಹಿಂದೆ ಸರಿದು ಗೋಣಿಯ ಮೇಲೆ ಹತ್ತಿತು. ಗಾಲಿಯಡಿ ಸಿಕ್ಕಿದ್ದು ಹಾಲಿನ ಬಟ್ಟಲು. ಅದು ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಡ್ರೈವರು ಇಳಿದು ನೋಡಿ, ಏನೂ ಆಗಿಲ್ಲವೆಂದು ಮತ್ತೆ ಹತ್ತಿದ. ಮುಕಾದಮ ಹೆಂಗಸರನ್ನೇ ಬೈದ.

ಮರುದಿನ ಸಂಜೆ ಕೂಲಿ ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಚಂದ್ರವ್ವ ಹಿಂದೆ ಉಳಿದಳು. ರಾಶಿಯಲ್ಲಿ ತೊಲೆ ಬುಡದಂಥ ಒಂದು ಕರಿಕಲ್ಲನ್ನು ಮಧ್ಯಾಹ್ನವೇ ಗುರುತು ಮಾಡಿಟ್ಟುಕೊಂಡಿದ್ದಳು. ಒಬ್ಬಳಿಂದ ಉರುಳಲಿಲ್ಲ. ಗುಲಶನ ತಿರುಗಿ ಬಂದು, ಯಾಕೆ ಏನು ಎಂದು ಕೇಳದೆ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮರದ ಬುಡಕ್ಕೆ ಉರುಳಿಸಿ, ಗೇಣುದ್ದ ಗುಂಡಿ ತೋಡಿ ನಿಲ್ಲಿಸಿದರು. ಚಂದ್ರವ್ವ ಸೆರಗಿನ ಗಂಟು ಬಿಚ್ಚಿ ಅರಿಷಿಣ ಬಳಿದಳು, ಕುಂಕುಮ ಹಚ್ಚಿದಳು. ತವರಿನಿಂದ ತಂದಿದ್ದ ಕವಡೆ ಸರದಿಂದ ಎರಡನ್ನು ಬಿಚ್ಚಿ, ಹಸಿ ಅರಿಷಿಣದ ಮುದ್ದೆಯಲ್ಲಿ ಕಣ್ಣು ಕೂರಿಸಿದಳು. ನಡುನಡುವೆ ಹಿಂದೆ ತಿರುಗಿ ನೋಡುತ್ತಿದ್ದಳು. ಯಲ್ಲವ್ವನ ಭಯವೋ ಮುಕಾದಮನ ಭಯವೋ ಅವಳಿಗೇ ತಿಳಿಯಲಿಲ್ಲ.

ನಾಳೆ ಯಾರಾದರೂ ಕೇಳಿದರೆ, ನಮ್ಮೂರ ದೇವರನ್ನು ನೆನೆದು ಇಟ್ಟೆ ಎಂದು ಹೇಳುವುದೆಂದು ಅವಳು ನಿಶ್ಚಯ ಮಾಡಿಕೊಂಡಿದ್ದಳು. ಆದರೆ ಅದನ್ನು ಹೇಳುವ ಹೊತ್ತೇ ಬರಲಿಲ್ಲ. ಬೆಳಿಗ್ಗೆ ಅವಳು ಏರು ಹತ್ತುವಷ್ಟರಲ್ಲಿ ಮರದಡಿ ಜನ ಸೇರಿತ್ತು. ಎಲ್ಲರಿಗಿಂತ ಮೊದಲು ಬಂದವನು ಬಸವಂತಪ್ಪ. ಆಗ ಅವನಿಗೆ ಇಪ್ಪತ್ತೆಂಟು, ಗಣಿಯಲ್ಲಿ ತೂತು ಕೊರೆಯುವ ಕೆಲಸ, ಸಿಕ್ಕಿದ ಕೂಲಿಯೆಲ್ಲ ಸೆರೆಗೆ. ಹಿಂದಿನ ರಾತ್ರಿ ಕುಡಿದು ಹೆಂಡತಿಯನ್ನು ಹೊಡೆದು, ಅವಳು ಬಾಗಿಲು ಹಾಕಿಕೊಂಡಳೆಂದು ಗಣಿಗೇ ಬಂದು ಬಿದ್ದಿದ್ದ. ಕಣ್ಣು ಬಿಟ್ಟರೆ ಎದುರಿಗೆ, ನಿನ್ನೆ ಇಲ್ಲದಿದ್ದಲ್ಲಿ, ಹಳದಿ ಮುಖದ ದೇವಿ ಅವನನ್ನೇ ನೋಡುತ್ತಿದ್ದಾಳೆ. ಅವನು ಮಣ್ಣಿಗೆ ಹಣೆ ಹಚ್ಚಿ ಅಳುತ್ತಿದ್ದ. ನೆಲ ಬಿರಿದದ್ದನ್ನು ತಾನು ಕಂಡೆ ಎನ್ನುತ್ತಿದ್ದ. ಇನ್ನು ಹನಿ ಮುಟ್ಟಿದರೆ ನಾಲಗೆ ಸೇದಿ ಹೋಗಲಿ ಎಂದು ಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ.

ಚಂದ್ರವ್ವ ಬಾಯಿ ತೆರೆದಳು. ಗುಲಶನ ಅವಳ ತೋಳು ಚಿವುಟಿದಳು. ಅಷ್ಟರಲ್ಲಿ ಮುಕಾದಮ ಬಂದ. ಜನರನ್ನು ಸರಿಸಿ ನೋಡಿದ. ಅವನು ಚಪ್ಪಲಿ ಬಿಟ್ಟ.

ಅಂದಿನಿಂದ ಲಾರಿಗಳು ಆ ಮರದ ಕಡೆ ತಿರುಗಲಿಲ್ಲ. ದೇವಿಯ ಜಾಗದಲ್ಲಿ ಕಟ್ಟಿದ ಸೀರೆಯನ್ನು ಕೀಳುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ತಿಂಗಳಲ್ಲಿ ಅತ್ತಿಮರದಲ್ಲಿ ಹನ್ನೊಂದು ಜೋಳಿಗೆ ತೂಗುತ್ತಿದ್ದವು.

ಸತ್ಯ ಹೇಳುವ ಹೊತ್ತು ಹಾಗೆ ತಪ್ಪಿಹೋದದ್ದು ಮತ್ತೆ ಕೈಗೆ ಸಿಗಲಿಲ್ಲ. ನೀಲವ್ವನಿಗೆ ಮೈತುಂಬ ದಡಾರ ಎದ್ದು ಜ್ವರ ಏರಿದಾಗ, ತಾನೇ ಬಳಿದ ಅರಿಷಿಣದ ಮುಂದೆ ನಿಂತು, ಮಗಳನ್ನು ಉಳಿಸು ಎಂದು ಬೇಡುತ್ತಿರುವ ತನ್ನನ್ನೇ ಚಂದ್ರವ್ವ ಕಂಡಳು. ನಾಚಿಕೆಯಾಯಿತು; ಆದರೂ ಬೇಡಿದಳು. ಮರೆಪ್ಪ ಸಾಯುವ ದಿನಗಳಲ್ಲಿ ದಿನಾ ದೇವಿಯ ಭಂಡಾರ ತಂದು ಹಚ್ಚಲು ಹೇಳುತ್ತಿದ್ದ. ಹಚ್ಚಿದರೆ ಉಸಿರು ಸಲೀಸು ಎನ್ನುತ್ತಿದ್ದ. ಅಂಥವನಿಗೆ ಏನು ಹೇಳುವುದು? ಒಳಗೆ ಹೋದರೆ ಕವಡೆಯ ಕಣ್ಣು ತನ್ನನ್ನು ಗುರುತಿಸುತ್ತದೆ ಎನಿಸಿ ಅವಳು ಹೊಸ್ತಿಲ ಹೊರಗೇ ಉಳಿದಳು.

*

ಶುಭಾಂಗಿ ಬಂದು ಹೋದ ಮರುದಿನ ಚಂದ್ರವ್ವ ರೊಟ್ಟಿಯ ಕೆಲಸ ಮುಗಿಸಿ, ಭಾಂಡುಪಿನಲ್ಲಿ ಸ್ಲೋ ಲೋಕಲ್ ರೈಲು ಹಿಡಿದು ಸಯನ್ನಿಗೆ ಹೋದಳು. ಗುಡುಸಾಬ ತೀರಿಕೊಂಡ ಮೇಲೆ ಗುಲಶನ ಅಲ್ಲಿ ಮಗನ ಜೊತೆಗಿದ್ದಳು. ಯೂನುಸನಿಗೆ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಗಾದಿ ಹೊಲಿಯುವ ಅಂಗಡಿ. ಗುಲಶನ ಅಟ್ಟದ ಮೇಲಿನ ಕೋಣೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು.

ಎಲ್ಲ ಕೇಳಿದ ಮೇಲೆ ಅವಳು ಕಾಲು ಚಾಚಿ ಹೆಬ್ಬೆರಳು ತೋರಿಸಿದಳು. "ನೋಡು, ನಿನ್ನ ದೇವ್ರನ್ನ ಉರಳಸೋಮುಂದ ಜಜ್ಜಿದ್ದು. ಇವತ್ತಿಗೂ ಉಗುರು ಸೀದಾ ಬಂದಿಲ್ಲ. ಪಾತಾಳದಿಂದ ಎದ್ದಾಳಂತ! ನನ್ನ ಬೆರಳ ಮ್ಯಾಲಿಂದ ಹಾದು ಎದ್ದಾಳ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಚಂದ್ರವ್ವ, "ಪಾಪಾ ಆಗಿದ್ದರ ನನಗ ಆಗ್ಲಿ. ಆದ್ರ ಈಗ ಹೇಳಿದ್ರ ಅಷ್ಟೂ ಮಂದಿ ನಂಬಿಗಿ ಮುರದಂಗ ಆಗ್ತದ. ಹೇಳದಿದ್ರ ಗುಡ್ಡ ಬೀಳ್ತದ. ನಾ ಏನ್ ಮಾಡ್ಲಿ?" ಎಂದಳು.

ಗುಲಶನ ಹತ್ತಿಯ ಮುದ್ದೆಯನ್ನು ಬದಿಗೆ ಸರಿಸಿದಳು. "ನಾನೂ ಯೂನುಸನ ಅಬ್ಬಾಗ ಸೈತ ಹೇಳಿಲ್ಲ. ಯಾಕಂದ್ರ ಕೂಸು ಮಲಗಿದ್ವು. ಕೂಸು ಮಲಗಿದ್ದಾಗ ಯಾರು ಬಾಯಿ ಮಾಡ್ತಾರ? ಈಗ ಅದೇ ಜಾಗಾದಾಗ ಮನೀಶನ ಕೂಸು ಮಲಗ್ತಾವ, ಮ್ಯಾಲೆ ಗುಡ್ಡ ಬಿರದೈತಿ. ಈಗ ಬಾಯಿ ಮಾಡಬೇಕು." ಆಮೇಲೆ ಸೇರಿಸಿದಳು, "ಆದ್ರ ಮೊದಲ್ ಬಸವಂತಪ್ಪಗ ಒಬ್ಬಗೇ ಹೇಳು. ಗಂಡಸರು ಮಂದ್ಯಾಗ ಸೋಲಂಗಿಲ್ಲ, ಒಬ್ಬರೇ ಇದ್ದಾಗ ಸೋಲ್ತಾರ."

ಮರುದಿನ ಬೆಳಿಗ್ಗೆ ಬಸವಂತಪ್ಪ ಗುಡಿಯ ಮೆಟ್ಟಿಲ ಮೇಲೆ ಕೂತು ಬೇವಿನ ಸೊಪ್ಪು ಬಿಡಿಸುತ್ತಿದ್ದ. ಚಂದ್ರವ್ವ ಅಂಗಳ ಗುಡಿಸಿ, ಪೊರಕೆ ಕೆಳಗಿಟ್ಟು, ಅವನ ಎದುರಿಗೆ ನೆಲದ ಮೇಲೆ ಕೂತಳು.

"ಬಸವಂತಣ್ಣಾ, ಆ ಕಲ್ಲು ಎದ್ದಿದ್ದಲ್ಲ. ನಾ ಇಟ್ಟಿದ್ದು."

ಅವನು ಮೊದಲು ನಕ್ಕ. ಅವಳು ನಗಲಿಲ್ಲ. ಲಾರಿ, ಬಟ್ಟಲು, ಕವಡೆ, ಗುಲಶನಳ ಬೆರಳು ಎಲ್ಲ ಹೇಳಿದಳು. ಹೇಳುತ್ತ ಹೋದಂತೆ ಬೇವು ಬಿಡಿಸುತ್ತಿದ್ದ ಅವನ ಕೈ ನಿಂತಿತು.

"ಮತ್ತ ನನ್ನ ಸೆರೆ ಬಿಡಿಸಿದಾಕಿ ಯಾರು?" ಎಂದ.

"ನೀನೇ ಬಿಟ್ಟಿ, ಅಣ್ಣಾ."

"ನಾ ಬಿಡೋ ಮನಷ್ಯಾ ಅಲ್ಲ," ಎಂದ ಬಸವಂತಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. "ನನಗ ನಾ ಗೊತ್ತಿಲ್ಲೇನು? ಹಡದವ್ವ ಸತ್ತ ದಿನಾನೂ ಕುಡದಾವ ನಾ. ಹೇಂತಿ ಕೈ ಮುರದಾವ. ನಂಥಾವ ತಾನಾಗೇ ಬಿಡ್ತಾನಂದ್ರ ನಾ ನಂಬಂಗಿಲ್ಲ. ಯಾರೋ ಬಿಡಿಸ್ಯಾರ."

ಚಂದ್ರವ್ವ ನೆಲಕ್ಕೆ ಬಿದ್ದ ಬೇವಿನ ಎಲೆ ಆರಿಸಿ ಮೆಟ್ಟಿಲ ಮೇಲಿಟ್ಟಳು.

"ನಲವತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದಿ. ಇನ್ನ ನಾಕ ವರ್ಷ ಮುಚ್ಚಿಕೊಂಡಿದ್ರ ಏನಾಗ್ತಿತ್ತು? ಅಷ್ಟೊತ್ತಿಗೆ ನಾ ಹೋಗಿರ್ತಿದ್ದೆ."

"ಗುಡ್ಡ ನಾಕ ವರ್ಷ ಕಾಯಂಗಿಲ್ಲಣ್ಣಾ."

ಅವನು ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋದ. ಮುಂದಿನ ಏಳು ದಿನ ಗುಡಿಯ ಕಡೆ ಬರಲಿಲ್ಲ. ದೀಪವನ್ನು ಮನೀಶನೇ ಹಚ್ಚಿದ. ಮುದುಕನಿಗೆ ಜ್ವರ ಎಂದು ಕೆಲವರು ಅಂದರು. ಸೆರೆಯಂಗಡಿಯ ಎದುರು ನಿಂತಿದ್ದನ್ನು ಕಂಡೆ ಎಂದು ಒಬ್ಬ ಹೇಳಿದ. ಅದನ್ನು ಕೇಳಿದ ಮೇಲೆ ಚಂದ್ರವ್ವ ಅವನ ಮನೆಯ ಬಾಗಿಲವರೆಗೆ ಎರಡು ಸಲ ಹೋಗಿ, ಕೂಗದೆ ತಿರುಗಿ ಬಂದಳು.

*

ಶುಕ್ರವಾರ ಶುಭಾಂಗಿ ಬಂದಳು. ಸಣ್ಣ ಮಳೆ ಹನಿಯುತ್ತಿತ್ತು. ಗುಡಿಯ ಮುಂದೆ ಕೊಡೆಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಬಸವಂತಪ್ಪ ಕೊನೆಗೆ ಬಂದ. ಮುಖ ಇಳಿದಿತ್ತು, ಹಣೆಯಲ್ಲಿ ಭಂಡಾರ ಇರಲಿಲ್ಲ. ಯಾರ ಕಡೆಗೂ ನೋಡದೆ ಮೆಟ್ಟಿಲ ಮೇಲೆ ಕೂತ. ಚಂದ್ರವ್ವ ಕರೆಸಿದ್ದ ಗುಲಶನ ಯೂನುಸನ ತೋಳು ಹಿಡಿದು ಏರು ಹತ್ತಿ ಬಂದು, ಏದುಸಿರು ಬಿಡುತ್ತ ಮರಕ್ಕೆ ಒರಗಿದ್ದಳು.

ಚಂದ್ರವ್ವ ಹಿಂದೆಂದೂ ಮಂದಿಯ ಮುಂದೆ ಮಾತಾಡಿದವಳಲ್ಲ. ಕೊಡೆ ಮಡಚಿ ಎದ್ದು ನಿಂತು, ಮಳೆಯಲ್ಲೇ ಎಲ್ಲವನ್ನೂ ಹೇಳಿದಳು. ಹಿಂದುಮುಂದಾಗಿ ಹೇಳಿದಳು, ನಡುವೆ ಲಾರಿಯ ಬಣ್ಣ ಯಾವುದೆಂದು ನೆನಪಾಗದೆ ಅಲ್ಲೇ ಸಿಕ್ಕಿಹಾಕಿಕೊಂಡಳು. ಹೇಗೋ ಮುಗಿಸಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ಮುದುಕಿಗೆ ಅರಳುಮರಳು ಎಂದರು. ಜಾಗದ ಮೇಲೆ ಕಣ್ಣಿಟ್ಟ ಬಿಲ್ಡರನ ಕಡೆಯವರು ತಲೆ ಕೆಡಿಸಿದ್ದಾರೆ ಎಂದರು. ಹರಕೆ ಹೊತ್ತು ಮಗನನ್ನು ಪಡೆದಿದ್ದ ಒಬ್ಬಳು ಅಳತೊಡಗಿದಳು.

"ಸುಳ್ಳಲ್ಲ," ಎಂದು ಗುಲಶನ ಮರದಡಿಯಿಂದಲೇ ಕೂಗಿದಳು. "ಇನ್ನೊಂದು ಮಗ್ಗಲ ನಾ ಹಿಡದಿದ್ದೆ." ಒಂದಿಬ್ಬರು ಹುಡುಗರು ಅವಳ ಬುರ್ಖಾದ ಕಡೆ ನೋಡಿ ಏನೋ ಗೊಣಗಿದರು. ಗೊಣಗು ಹರಡುವ ಮೊದಲೇ ಚಂದ್ರವ್ವ ಮತ್ತೆ ದನಿ ಎತ್ತಿದಳು.

"ನನ್ನ ಮಾತು ನಂಬಬ್ಯಾಡ್ರಿ. ಕಲ್ಲಿನ ಬೆನ್ನು ನೋಡ್ರಿ. ರಾಶಿಯೊಳಗಿಂದ ಆರಿಸಿದ ಕಲ್ಲು ಅದು. ಬೆನ್ನಿಗೆ ಕೊರದ ತೂತಿನ ಗುರುತು ಅದ. ನೆಲದಿಂದ ತಾನೇ ಎದ್ದಾಕಿಗೆ ಅದು ಎಲ್ಲಿಂದ ಬರಬೇಕು?"

ಕಲ್ಲಿನ ಬೆನ್ನು ಗೋಡೆಯ ಕಡೆಗಿತ್ತು, ಬುಡಕ್ಕೆ ಸಿಮೆಂಟು ಮೆತ್ತಿತ್ತು. ಯಾರೂ ಅದನ್ನು ನೋಡಿದವರಲ್ಲ. ಒಡೆದು ನೋಡಲು ಯಾರಿಗೂ ಕೈ ಬರಲಿಲ್ಲ. ಬಸವಂತಪ್ಪ ಎದ್ದ.

"ಮನ್ಯಾ, ಹಾರಿ ತಾ," ಎಂದ.

ಮನೀಶ್ ಹಾರೆ ತಂದ. ಅಪ್ಪ ಅದನ್ನು ತೆಗೆದುಕೊಂಡು ಚಂದ್ರವ್ವನ ಕಡೆ ತಿರುಗಿ, "ಇಟ್ಟಾಕಿ ಮೊದಲ್ ಕೈ ಹಚ್ಚಬೇಕು," ಎಂದ. ಚಂದ್ರವ್ವ ಹೊಸ್ತಿಲ ಹತ್ತಿರ ಬಂದು ನಿಂತಳು. ಒದ್ದೆ ಪಾದ ಎತ್ತಿ ಒಳಗಿಟ್ಟಳು. ಟೈಲ್ಸು ತಣ್ಣಗಿತ್ತು, ಎಣ್ಣೆಯ ಜಿಡ್ಡಿತ್ತು. ದೇವಿಯ ಎದುರು ಮೊಣಕಾಲೂರಿ, ಗುಡಿ ಕಟ್ಟಿದ ಮೇಲೆ ಮೊದಲ ಸಲ ಹತ್ತಿರದಿಂದ ನೋಡಿದಳು. ಕವಡೆಗಳು ಸವೆದು ಬೆಳ್ಳಗಾಗಿದ್ದವು. ಅವು ಅವಳನ್ನು ಗುರುತಿಸಿದಂತೆ ಕಾಣಲಿಲ್ಲ. ಎಲ್ಲರನ್ನೂ ನೋಡುವಂತೆಯೇ ಅವಳನ್ನೂ ನೋಡುತ್ತಿದ್ದವು. ಅವಳು ಎರಡೂ ಕೈಯಿಂದ ಕಲ್ಲನ್ನು ಹಿಡಿದುಕೊಂಡಳು.

ಸಿಮೆಂಟು ಬಸವಂತಪ್ಪನ ನಾಲ್ಕು ಏಟಿಗೆ ಬಿಟ್ಟಿತು. ಕಲ್ಲು ಅಲುಗಿದಾಗ ಹೊರಗೆ ಹೆಂಗಸರು, "ಯವ್ವಾ!" ಎಂದು ಚೀರಿದರು. ಗುಡ್ಡ ಬೀಳಲಿಲ್ಲ, ಸಿಡಿಲು ಬಡಿಯಲಿಲ್ಲ. ಬುಡದಲ್ಲಿ ಗೇಣುದ್ದದ ಗುಂಡಿ, ಒಂದಿಷ್ಟು ಇರುವೆ. ಮನೀಶ್ ಮತ್ತು ಇಬ್ಬರು ಹುಡುಗರು ಕಲ್ಲನ್ನು ಮೆಲ್ಲಗೆ ತಿರುಗಿಸಿದರು. ಬೆನ್ನಿನ ಉದ್ದಕ್ಕೂ ಅರ್ಧ ಸೀಳಿದ ಕೊಳವೆಯಂಥ ನುಣುಪು ಗೀರು ಇತ್ತು.

ಗಣಿಯ ಕಾಲದ ನಾಲ್ಕೈದು ಮುದುಕರು ಬಗ್ಗಿ ನೋಡಿದರು. ಅವರಿಗೆ ವಿವರಣೆ ಬೇಕಿರಲಿಲ್ಲ.

ಬಸವಂತಪ್ಪ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳನ್ನು ಆ ಗೀರಿನೊಳಗಿಟ್ಟು ಮೇಲಿನಿಂದ ಕೆಳಗಿನವರೆಗೆ ಸವರಿದ. ಇನ್ನೊಮ್ಮೆ ಸವರಿದ.

"ಕೈಲೆ ಕೊರದ ತೂತು," ಎಂದ. "ಮಷೀನ್ ಬರೋಕಿಂತ ಮದ್ಲಿಂದು. ಅವಾಗ ಇಲ್ಲಿ ಕೊರಿಯಾವ್ರು ಮೂರೇ ಮಂದಿ. ಒಬ್ಬ ಊರಿಗೆ ತಿರುಗಿ ಹೋದ. ಉಳದಾವ್ರು ಮರೆಪ್ಪ, ನಾನು." ಅವನು ಚಂದ್ರವ್ವನ ಕಡೆ ನೋಡಿದ. "ನಿನ್ನ ಗಂಡಂದು ಇರಬಹುದು. ನಂದೂ ಇರಬಹುದು."

ಚಂದ್ರವ್ವನಿಗೆ ಇದು ಹೊಳೆದೇ ಇರಲಿಲ್ಲ. ಆ ಗೀರನ್ನು ಅವಳು ಬರೀ ಸಾಕ್ಷಿಯೆಂದು ನೆನಪಿಟ್ಟುಕೊಂಡಿದ್ದಳೇ ಹೊರತು, ಅದನ್ನು ಕೊರೆದ ಕೈ ಯಾವುದೆಂದು ಯೋಚಿಸಿರಲಿಲ್ಲ. ಮರೆಪ್ಪ ಉಳಿ ತಿರುಗಿಸುತ್ತಿದ್ದ ರೀತಿ ಕಣ್ಣಿಗೆ ಬಂತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಅತ್ತಳು. ಬಸವಂತಪ್ಪ ಎದ್ದು ಹೊರಗೆ ಬಂದು, ಶುಭಾಂಗಿಯ ಮುಂದೆ ನಿಂತು, "ಟೆಂಪೋ ಯಾವಾಗ ಕಳಸ್ತೀರಿ?" ಎಂದು ಕೇಳಿದ.

*

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ. ಒಂದು ತಿಂಗಳಲ್ಲಿ ನೂರಿಪ್ಪತ್ತು ಮನೆಗಳೂ ಕಾಂಜೂರಿನ ಬಿಲ್ಡಿಂಗಿಗೆ ಇಳಿದವು. ದೇವಿಯನ್ನು ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ ಇಟ್ಟರು. ಹದಿನೈದಿಪ್ಪತ್ತು ಮನೆಯವರು ಅತ್ತ ಸುಳಿಯುವುದನ್ನೇ ಬಿಟ್ಟರು. ಕೂಲಿ ಹೆಂಗಸರು ಇಟ್ಟ ಕಲ್ಲಿಗೆ ಕಾಯಿ ಒಡೆಯುವುದೇನು ಎಂದು ಥಾಣೆಯ ದೊಡ್ಡ ಗುಡಿಗೆ ಹೋಗತೊಡಗಿದರು. ಹರಕೆಯಿಂದ ಮಗನನ್ನು ಪಡೆದಿದ್ದವಳು ಚಂದ್ರವ್ವನನ್ನು ಮಾತಾಡಿಸಲಿಲ್ಲ, ಆದರೆ ಶುಕ್ರವಾರದ ದೀಪ ಬಿಡಲಿಲ್ಲ. ಇನ್ನೊಂದು ತೊಂದರೆಯೆಂದರೆ, ಆ ವರ್ಷ ಗುಡ್ಡ ಮತ್ತೆ ಜಾರಲಿಲ್ಲ. ಮರುವರ್ಷವೂ ಜಾರಲಿಲ್ಲ. ಖಾಲಿ ಚಾಳು ಹಾಗೇ ನಿಂತಿತ್ತು. "ಸುಮ್ಮನ ಮನಿ ಬಿಡಿಸಿದಿ, ದೇವ್ರನ್ನೂ ಕಳದಿ," ಎಂದು ಲಿಫ್ಟಿನಲ್ಲಿ ಒಬ್ಬ ಅವಳ ಮುಖಕ್ಕೇ ಹೇಳಿದ. ಅವಳು, "ಬೀಳದಿದ್ರ ಚೊಲೊನೇ ಆತಲ್ಲಪ್ಪಾ," ಎಂದಳು. ಆದರೆ ಆ ಮಾತು ಅವಳನ್ನು ಎಷ್ಟೋ ದಿನ ಕಾಡಿತು.

ಬಸವಂತಪ್ಪ ಕುಡಿಯಲಿಲ್ಲ. ಸೆರೆಯಂಗಡಿಯ ಎದುರು ಅವನು ನಿಂತದ್ದು ನಿಜವೇ. ಯಾಕೆ ಒಳಗೆ ಹೋಗಲಿಲ್ಲ ಎಂದು ಚಂದ್ರವ್ವ ಒಮ್ಮೆ ಕೇಳಿದಳು. "ಗೊತ್ತಿಲ್ಲ," ಎಂದ. "ಆಕಿ ಕಲ್ಲು ಅಂತ ಗೊತ್ತಾಗಿತ್ತು. ಆದ್ರೂ ಕಾಲು ಏಳಲಿಲ್ಲ." ಅವನ ಹಣೆಗೆ ಭಂಡಾರ ತಿರುಗಿ ಬಂದಿತ್ತು.

ಹೊಸ ಬಿಲ್ಡಿಂಗಿನಲ್ಲಿ ಬೇರೆ ಕಡೆಯಿಂದ ಬಂದವರೂ ಇದ್ದರು. ಎರಡನೆಯ ಮಾಳಿಗೆಯ ಚಂಪಾ ಉಡುಪಿ ಕಡೆಯವಳು, ಗಂಡ ಹೋಟೆಲಿನಲ್ಲಿ ಅಡುಗೆ ಭಟ್ಟ. ಅವಳು ಒಂದು ದಿನ ಹೂ ತಂದಿಟ್ಟು, "ಇದು ಯಾವ ದೇವರು ಮಾರಾಯ್ರೆ? ಎಷ್ಟು ವರ್ಷದ್ದು?" ಎಂದು ಕೇಳಿದಳು. ಅಲ್ಲಿದ್ದ ನಾಲ್ವರು ನಾಲ್ಕು ಥರ ಹೇಳಿದರು. ಹಾಗಾಗಬಾರದು, ಒಂದು ಬೋರ್ಡು ಹಾಕಬೇಕು ಎಂದು ಬಸವಂತಪ್ಪ ನಿಶ್ಚಯಿಸಿದ. ಕಮಿಟಿಯಲ್ಲಿ ಜಗಳವಾಯಿತು. ಉದ್ಭವ ಎಂದೇ ಬರೆಯಿರಿ ಎಂದವರಿದ್ದರು. ಏನೂ ಬರೆಯಬೇಡಿ ಎಂದವರಿದ್ದರು. ಹೆಸರುಗಳನ್ನು ಹಾಕೋಣ ಎಂದು ಮನೀಶ್ ಹೇಳಿದಾಗ ಚಂದ್ರವ್ವ, "ನನ್ನ ಹೆಸರು ಹಾಕಿದ್ರ ಗುಲಶನಂದೂ ಹಾಕು. ಅವತ್ತು ಜೋಳಿಗಿ ಕಟ್ಟಿದ ಹನ್ನೊಂದು ಮಂದೀದೂ ಹಾಕು. ಅಷ್ಟು ಜಾಗಾ ಇಲ್ಲ. ಬ್ಯಾಡ," ಎಂದಳು.

ಕೊನೆಗೆ ಬಸವಂತಪ್ಪ ಹೇಳಿದಂತೆ ಮನೀಶ್ ಬರೆದ. ಅವನಿಗೆ ಕನ್ನಡ ಅಕ್ಷರ ಬಾರದು. ಕನ್ನಡದ ಮಾತನ್ನೇ ಮರಾಠಿ ಅಕ್ಷರದಲ್ಲಿ, ನೀಲಿ ಬಣ್ಣದಲ್ಲಿ, ಮೂರು ಸಾಲು ಬರೆದ. ಚಂದ್ರವ್ವನಿಗೆ ಯಾವ ಅಕ್ಷರವೂ ಬಾರದು. ಅವಳು ಪಂಪಿನ ಕಟ್ಟೆಯ ಮೇಲೆ ಕೂತು, ಓದು ಎಂದಳು. ಅವನು ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಓದಿದ:

"ಭಾಂಡುಪ್ ಖದಾನಿನಲ್ಲಿ ಕಲ್ಲು ಒಡೆಯುವ ಹೆಂಗಸರು ತಮ್ಮ ಕೂಸುಗಳನ್ನು ಕಾಯಲಿಕ್ಕೆ ಇಟ್ಟ ಯಲ್ಲವ್ವ. ಸನ್ ೧೯೭೭. ಇಲ್ಲಿಗೆ ಬಂದದ್ದು ಸನ್ ೨೦೨೩."

"ಸಹೀ ಹೈ ಕ್ಯಾ, ಆಯಿ? ಸರಿ ಅದ?" ಎಂದು ಕೇಳಿದ.

ಸರಿಯಾಗಿಯೇ ಇತ್ತು. ಅದರಲ್ಲಿ ಇಲ್ಲದ್ದೂ ಬಹಳ ಇತ್ತು, ಆದರೆ ಅದನ್ನು ಯಾವ ಬೋರ್ಡಿನಲ್ಲಿ ಬರೆಯುತ್ತಾರೆ?

"ಸರಿ ಅದ. 'ಕಾಯಲಿಕ್ಕೆ' ಅನ್ನೋದು ಒಂದೀಟು ದೊಡ್ಡದು ಬರಿಬೇಕಿತ್ತು," ಎಂದಳು.

ಅಷ್ಟರಲ್ಲಿ ಮೇಲಿನಿಂದ ಯಾರೋ ನೀರು ಬಂತೆಂದು ಕೂಗಿದರು. ಐದೂವರೆಗೆ ಬಂದರೆ ಆರಕ್ಕೆ ನಿಲ್ಲುವ ನೀರು. ಚಂದ್ರವ್ವ ಮೊಣಕಾಲಿಗೆ ಕೈಯೂರಿ ಎದ್ದು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತತೊಡಗಿದಳು.